ಬೆಂಕಿ, ಬೂದಿ ಮತ್ತು ದೇವರ ಚಿತ್ತ

ಕನ್ನಡದಲ್ಲಿ ಅಚ್ಚಿನ ಪುಸ್ತಕಗಳ ಚರಿತ್ರೆ ಆರಂಭವಾಗುವುದಕ್ಕೆ ಐದು ವರ್ಷ ಮೊದಲೇ ಕನ್ನಡದ ದೊಡ್ಡದೊಂದು ಹಸ್ತಪ್ರತಿ ಬಂಗಾಳದಲ್ಲಿ ಸುಟ್ಟು ಬೂದಿಯಾಯಿತು. ಅದು 1812ರ ಮಾರ್ಚ್ 11ರ ಬುಧವಾರ. ಸ್ಥಳ ಕಲ್ಕತ್ತದಿಂದ ಸುಮಾರು 25 ಕಿಲೋಮೀಟರ್ ಉತ್ತರಕ್ಕೆ, ಹೂಗ್ಲಿ ನದಿಯ ದಂಡೆಯಲ್ಲಿರುವ ಸೆರಾಂಪುರ. ಡೆನ್ಮಾರ್ಕಿನವರ ವಸಾಹತಾಗಿ ಬೆಳೆದಿದ್ದ ಆ ಊರಿನಲ್ಲಿ ಇಂಗ್ಲೆಂಡಿನ ಬ್ಯಾಪ್ಟಿಸ್ಟ್ ಮಿಷನರಿಗಳು ದೊಡ್ಡ ಮುದ್ರಣಾಲಯ ನಡೆಸುತ್ತಿದ್ದರು. ಭಾರತದ ಹತ್ತಾರು ಭಾಷೆಗಳಿಗೆ ಬೈಬಲನ್ನು ತರುವ ಕೆಲಸ ಅಲ್ಲಿ ಹಗಲಿರುಳೂ ಸಾಗಿತ್ತು.

ಸಂಜೆಯ ಹೊತ್ತಿಗೆ, ಸುಮಾರು 200 ಅಡಿ ಉದ್ದದ ಮುದ್ರಣಾಲಯದೊಳಗೆ ಹೊಗೆ ಕಾಣಿಸಿಕೊಂಡಿತು. ಮುದ್ರಣದ ಹೊಣೆ ಹೊತ್ತಿದ್ದ ವಿಲಿಯಂ ವಾರ್ಡ್ ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿಸಿದರು. ಛಾವಣಿಗೆ ತೂತು ಮಾಡಿಸಿ ಮೇಲಿನಿಂದ ನೀರು ಸುರಿಸಿದರು. ಬೆಂಕಿ ಹತೋಟಿಗೆ ಬರುವ ಲಕ್ಷಣವಿತ್ತು. ಅಷ್ಟರಲ್ಲಿ ಯಾರೋ ನೆರವಾಗಲೆಂದೇ ಕಿಟಕಿಯೊಂದನ್ನು ತೆರೆದರು. ಗಾಳಿ ಒಳನುಗ್ಗಿತು, ಜ್ವಾಲೆ ಕಟ್ಟಡದ ಉದ್ದಕ್ಕೂ ಹಬ್ಬಿತು. ಮಧ್ಯರಾತ್ರಿಯ ಹೊತ್ತಿಗೆ ಛಾವಣಿ ಕುಸಿಯಿತು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಆದರೆ ಭಾರತೀಯ ಲಿಪಿಗಳ 14 ಬಗೆಯ ಅಚ್ಚುಮೊಳೆಗಳು ಕರಗಿಹೋದವು. ಸಾವಿರಕ್ಕೂ ಹೆಚ್ಚು ರೀಮು ಕಾಗದ ಸುಟ್ಟಿತು. ನಷ್ಟ ಸುಮಾರು 10,000 ಪೌಂಡ್ ಎಂದು ಅಂದಾಜು ಮಾಡಲಾಯಿತು.

ಹಣದಲ್ಲಿ ಅಳೆಯಲಾಗದ ನಷ್ಟ ಬೇರೆಯೇ ಇತ್ತು. ತಂಡದ ಹಿರಿಯ ವಿಲಿಯಂ ಕೇರಿ ಅವರ ಕನ್ನಡ ಹೊಸ ಒಡಂಬಡಿಕೆಯ ಇಡೀ ಹಸ್ತಪ್ರತಿ ಅದರಲ್ಲಿ ಹೋಯಿತು. ತೆಲುಗು ವ್ಯಾಕರಣ ಪೂರ್ತಿಯಾಗಿ, ಪಂಜಾಬಿ ವ್ಯಾಕರಣ ಬಹುಪಾಲು ನಾಶವಾದವು. ವಾಲ್ಮೀಕಿ ರಾಮಾಯಣವನ್ನು ಇಂಗ್ಲಿಷಿಗೆ ತರುವುದರಲ್ಲಿ ಕೇರಿ ಮತ್ತು ಜೋಶುವ ಮಾರ್ಷ್‌ಮನ್ ಕಳೆದಿದ್ದ ಒಂದು ವರ್ಷದ ದುಡಿಮೆಯೂ ಬೂದಿಯಾಯಿತು. ಎಲ್ಲಕ್ಕಿಂತ ದೊಡ್ಡದೆಂದರೆ, ಸಂಸ್ಕೃತವನ್ನು ಆಧಾರವಾಗಿಟ್ಟುಕೊಂಡು ಭಾರತದ ಅನೇಕ ಭಾಷೆಗಳ ಪದಗಳನ್ನು ಒಂದೆಡೆ ಜೋಡಿಸಿದ್ದ ಬೃಹತ್ ನಿಘಂಟಿನ ಒಂದು ಹಾಳೆಯೂ ಉಳಿಯಲಿಲ್ಲ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಇದು ಸುಖಭೋಗಕ್ಕಾಗಿ ಕೂಡಿಟ್ಟ ಸಂಪತ್ತಲ್ಲ. ದೇವರ ಮಾತನ್ನು ಜನರ ಭಾಷೆಗೆ ತರುತ್ತೇವೆಂದು ನಂಬಿದವರು ಆ ದೇವರಿಗಾಗಿಯೇ ಮಾಡಿದ ಕೆಲಸ. ಅದನ್ನು ದೇವರೇ ಏಕೆ ಕಾಯಲಿಲ್ಲ? ಒಬ್ಬ ವ್ಯಕ್ತಿಯ ಆತುರದ ಕೈ ಕಿಟಕಿಯೊಂದನ್ನು ತೆರೆದದ್ದೂ ದೇವರ ಚಿತ್ತವೇ?

ಭಾನುವಾರದ ಬೋಧನೆ

ಬೆಂಕಿ ಬಿದ್ದಾಗ ಕೇರಿ ಕಲ್ಕತ್ತದಲ್ಲಿದ್ದರು. ಅಲ್ಲಿನ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಅವರು 1801ರಿಂದ ಭಾರತೀಯ ಭಾಷೆಗಳ ಅಧ್ಯಾಪಕರು. ಮರುದಿನ ಬೆಳಿಗ್ಗೆ ಮಾರ್ಷ್‌ಮನ್ ಸುದ್ದಿ ಮುಟ್ಟಿಸಿದರು. ಕೇರಿಯವರ ಜತೆ ಸೆರಾಂಪುರಕ್ಕೆ ಬಂದ ಕಲ್ಕತ್ತದ ಪಾದ್ರಿ ಥಾಮಸನ್ ಅಂದಿನ ದೃಶ್ಯವನ್ನು ದಾಖಲಿಸಿದ್ದಾರೆ. ಇನ್ನೂ ಹೊಗೆಯಾಡುತ್ತಿದ್ದ ಅವಶೇಷಗಳ ನಡುವೆ ನಡೆದಾಡುತ್ತ ಕೇರಿ ಕಣ್ಣೀರಿಟ್ಟರು. ವರ್ಷಗಳ ದುಡಿಮೆ ಒಂದೇ ಸಂಜೆಯಲ್ಲಿ ಮುಗಿದುಹೋಯಿತಲ್ಲ ಎಂದರು. ದೇವರ ದಾರಿಗಳು ನಮ್ಮ ಅಳತೆಗೆ ನಿಲುಕುವುದಿಲ್ಲ ಎಂಬ ಅರ್ಥದ ಮಾತನ್ನೂ ಆಡಿದರು.

ನಂತರದ ಭಾನುವಾರದ ಬೋಧನೆಗೆ ಅವರು ಆರಿಸಿಕೊಂಡದ್ದು 46ನೆಯ ಕೀರ್ತನೆ. ಭೂಮಿ ನಡುಗಿದರೂ ಬೆಟ್ಟಗಳು ಸಮುದ್ರಕ್ಕೆ ಉರುಳಿದರೂ ದೇವರ ಮೇಲೆ ಭರವಸೆ ಇಡುವ ಜನರ ಹಾಡು ಅದು. ಬೋಧನೆಯಲ್ಲಿ ಕೇರಿ ಎರಡು ಅಂಶಗಳನ್ನು ಎತ್ತಿಹೇಳಿದರು. ನಮ್ಮನ್ನೂ ನಮ್ಮದನ್ನೂ ತನಗೆ ಸರಿಕಂಡಂತೆ ನಡೆಸುವ ಹಕ್ಕು ದೇವರಿಗೆ ಇದೆ ಎಂಬುದು ಮೊದಲನೆಯದು. ಆತ ಮಾಡಿದ್ದನ್ನು ಮನಸಾರೆ ಒಪ್ಪಿಕೊಳ್ಳುವುದು ನಮ್ಮ ಕರ್ತವ್ಯ ಎಂಬುದು ಎರಡನೆಯದು. ಗಮನಿಸಬೇಕಾದದ್ದು ಅವರು ಹೇಳದೆ ಬಿಟ್ಟದ್ದನ್ನು. ಬೆಂಕಿ ಏಕೆ ಬಿತ್ತೆಂಬುದಕ್ಕೆ ಅವರು ಕಾರಣ ಕೊಡಲಿಲ್ಲ. ತಮ್ಮೊಳಗಿನ ಯಾವ ದೋಷ ಇದಕ್ಕೆ ಕಾರಣವಾಗಿರಬಹುದು ಎಂದು ಪತ್ರದಲ್ಲಿ ತಮ್ಮನ್ನೇ ಕೇಳಿಕೊಂಡರೇ ವಿನಾ ಇನ್ನೊಬ್ಬರತ್ತ ಬೆರಳು ತೋರಲಿಲ್ಲ.

ಚಿತ್ತವೆಂದರೆ ಹಣೆಬರಹವಲ್ಲ

ಕರ್ನಾಟಕದ ಕ್ರೈಸ್ತ ಮನೆಗಳಲ್ಲಿ ಸಾವು ನೋವು ಸಂಭವಿಸಿದಾಗ ‘ದೇವರ ಚಿತ್ತ’ ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಕನ್ನಡದಲ್ಲಿ ಚಿತ್ತವೆಂದರೆ ಮನಸ್ಸು. ಕನ್ನಡ ಬೈಬಲು ಅದನ್ನು ಸಂಕಲ್ಪ, ಇಚ್ಛೆ ಎಂಬ ಅರ್ಥದಲ್ಲಿ ಬಳಸಿದ್ದರಿಂದ ಕ್ರೈಸ್ತರ ಆಡುಮಾತಿನಲ್ಲಿ ಅದಕ್ಕೊಂದು ಪ್ರತ್ಯೇಕ ತೂಕ ಬಂದಿದೆ. ಹೊರಗಿನಿಂದ ಕೇಳಿದವರಿಗೆ ಇದು ‘ಹಣೆಬರಹ’ ಎನ್ನುವುದರ ಇನ್ನೊಂದು ರೂಪದಂತೆ ತೋರುವುದು ಸಹಜ. ಆದರೆ ಎರಡೂ ಒಂದಲ್ಲ.

ಹಣೆಬರಹವೆಂದರೆ ಬರೆದಾಗಿಹೋದದ್ದು, ಅದರೊಂದಿಗೆ ಜಗಳವಾಡಿ ಫಲವಿಲ್ಲ. ಕರ್ಮ ಸಿದ್ಧಾಂತದಲ್ಲಿ ಇಂದಿನ ಸುಖದುಃಖಗಳಿಗೆ ಹಿಂದಿನ ಕ್ರಿಯೆಗಳ ಲೆಕ್ಕವಿರುತ್ತದೆ. ಕ್ರೈಸ್ತರು ಹೇಳುವ ಚಿತ್ತವಾದರೋ ಒಬ್ಬ ತಂದೆಯ ಮನಸ್ಸು. ಮನಸ್ಸುಳ್ಳವನೊಡನೆ ಮಾತನಾಡಬಹುದು, ಬೇಡಬಹುದು, ಏಕೆ ಹೀಗೆ ಮಾಡಿದೆ ಎಂದು ಕೇಳಬಹುದು. ಈ ನಂಬಿಕೆಯ ಬಲವೂ ಅದೇ, ಕಷ್ಟವೂ ಅದೇ. ಹಣೆಬರಹದ ಮೇಲೆ ಯಾರಿಗೂ ಸಿಟ್ಟು ಬರುವುದಿಲ್ಲ. ಪ್ರೀತಿಸುತ್ತಾನೆಂದು ನಂಬಿದವನು ಸುಮ್ಮನಿದ್ದರೆ ಮಾತ್ರ ಸಹಿಸುವುದು ಕಷ್ಟವಾಗುತ್ತದೆ.

ದೇವರು ಒಳ್ಳೆಯವನೂ ಸರ್ವಶಕ್ತನೂ ಆಗಿದ್ದರೆ ಕೇಡು ಎಲ್ಲಿಂದ ಬಂತು ಎಂಬುದು ಕ್ರೈಸ್ತ ಧರ್ಮಶಾಸ್ತ್ರದ ಅತ್ಯಂತ ಹಳೆಯ ತೊಡಕುಗಳಲ್ಲಿ ಒಂದು. ದೇವರು ಕೇಡನ್ನು ಬಯಸುವುದಿಲ್ಲ, ಆಗಗೊಡುತ್ತಾನೆ ಅಷ್ಟೆ ಎಂದು ಕೆಥೋಲಿಕ್ ಪಂಡಿತರು ಬಯಕೆಗೂ ಅನುಮತಿಗೂ ನಡುವೆ ಗೆರೆ ಎಳೆದರು. 16ನೆಯ ಶತಮಾನದ ಸುಧಾರಕ ಜಾನ್ ಕ್ಯಾಲ್ವಿನ್‌ಗೆ ಆ ಗೆರೆ ಸಾಕೆನಿಸಲಿಲ್ಲ. ದೇವರ ಆಳ್ವಿಕೆಯ ಹೊರಗೆ ಏನೂ ನಡೆಯುವುದಿಲ್ಲ ಎಂಬುದು ಆತನ ನಿಲುವು. ಕೇರಿ ಬಂದದ್ದು ಈ ಕ್ಯಾಲ್ವಿನ್ ಪರಂಪರೆಯಿಂದ.

ಕೇರಿ ಹುಟ್ಟುವುದಕ್ಕೆ ಆರು ವರ್ಷ ಮೊದಲು, 1755ರ ನವೆಂಬರ್ 1ರಂದು, ಪೋರ್ಚುಗಲ್‌ನ ಲಿಸ್ಬನ್ ನಗರ ಭೂಕಂಪದಿಂದ ನೆಲಸಮವಾಗಿತ್ತು. ಅಂದು ಸಕಲ ಸಂತರ ಹಬ್ಬ. ಇಗರ್ಜಿಗಳು ಜನರಿಂದ ತುಂಬಿದ್ದ ಹೊತ್ತು. ಪೂಜೆಗೆಂದು ಬಂದವರ ಮೇಲೆಯೇ ಇಗರ್ಜಿಯ ಗೋಡೆ ಬಿದ್ದದ್ದು ಯುರೋಪಿನ ಚಿಂತಕರನ್ನೆಲ್ಲ ಕಲಕಿತು. ಜಗತ್ತಿನಲ್ಲಿ ನಡೆಯುವುದೆಲ್ಲ ಒಳ್ಳೆಯದಕ್ಕೇ ಎಂಬ ವಾದವನ್ನು ಫ್ರಾನ್ಸಿನ ವಾಲ್ಟೇರ್ ಗೇಲಿ ಮಾಡಿದ್ದು ಇದರ ನಂತರವೇ. ಸೆರಾಂಪುರದ ಬೋಧನೆ ನಡೆದದ್ದು ಈ ಚರ್ಚೆ ಇನ್ನೂ ಆರದಿದ್ದ ಕಾಲದಲ್ಲಿ.

ಉತ್ತರ ಸಿಗದ ಯೋಬ

ಈ ವಿಷಯದಲ್ಲಿ ಬೈಬಲು ಏನು ಹೇಳುತ್ತದೆ? ಒಂದೇ ಉತ್ತರ ಹುಡುಕುವವರಿಗೆ ನಿರಾಸೆ ಕಾದಿದೆ. ಹಳೆಯ ಒಡಂಬಡಿಕೆಯ ಯೋಬನ ಗ್ರಂಥದ 42 ಅಧ್ಯಾಯಗಳೂ ಇದೇ ಪ್ರಶ್ನೆಗೆ ಮೀಸಲು. ಊಚ್ ದೇಶದ ಯೋಬ ನೀತಿವಂತ. ದನಕರು, ಮಕ್ಕಳು, ಆರೋಗ್ಯ ಎಲ್ಲವನ್ನೂ ಆತ ಸಾಲಾಗಿ ಕಳೆದುಕೊಳ್ಳುತ್ತಾನೆ. ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ನೋಡಲು ಬರುತ್ತಾರೆ. ಏಳು ದಿನ ಅವರು ಮಾತಿಲ್ಲದೆ ಪಕ್ಕದಲ್ಲಿ ಕೂರುತ್ತಾರೆ. ಅಲ್ಲಿಯವರೆಗೆ ಅವರ ನಡತೆ ಸರಿಯಾಗಿಯೇ ಇದೆ. ಬಾಯಿ ತೆರೆದ ಮೇಲೆ ಕೆಡುತ್ತದೆ. ತಪ್ಪು ಮಾಡದವನಿಗೆ ಶಿಕ್ಷೆಯಾಗುವುದುಂಟೇ, ನಿನ್ನ ಪಾಪವನ್ನು ಒಪ್ಪಿಕೋ ಎನ್ನುವುದು ಅವರ ವಾದದ ತಿರುಳು.

ಯೋಬ ಒಪ್ಪುವುದಿಲ್ಲ. ಹುಟ್ಟಿದ ದಿನವನ್ನು ಶಪಿಸುತ್ತಾನೆ, ದೇವರನ್ನೇ ನ್ಯಾಯಾಲಯಕ್ಕೆ ಕರೆಯುವಂತೆ ಮಾತನಾಡುತ್ತಾನೆ. ಕೊನೆಗೆ ಬಿರುಗಾಳಿಯೊಳಗಿಂದ ದೇವರು ಮಾತನಾಡಿದಾಗಲೂ ಕಾರಣವನ್ನು ಹೇಳುವುದಿಲ್ಲ. ಸೃಷ್ಟಿಯ ವಿಸ್ತಾರವನ್ನು ತೋರಿಸಿ ಪ್ರಶ್ನೆಗಳನ್ನೇ ಕೇಳುತ್ತಾನೆ. ಆದರೆ ಕತೆಯ ಮುಗಿತಾಯ ಗಮನಾರ್ಹ. ದೇವರ ಕೋಪ ತಟ್ಟುವುದು ಜಗಳವಾಡಿದ ಯೋಬನಿಗಲ್ಲ, ದೇವರ ಪರವಾಗಿ ವಕಾಲತ್ತು ಮಾಡಿದ ಗೆಳೆಯರಿಗೆ. ಅವರಿಗಾಗಿ ಯೋಬನೇ ಪ್ರಾರ್ಥಿಸಬೇಕಾಗುತ್ತದೆ.

ಕೀರ್ತನೆಗಳ ಗ್ರಂಥದಲ್ಲೂ ಸ್ತುತಿಯಷ್ಟೇ ದೂರುಗಳಿವೆ. ಎಷ್ಟು ಕಾಲ, ಏಕೆ ಮರೆತೆ ಎಂಬ ಮೊರೆ ಮತ್ತೆ ಮತ್ತೆ ಬರುತ್ತದೆ. 22ನೆಯ ಕೀರ್ತನೆಯ ಆರಂಭದ ಮೊರೆಯನ್ನೇ ಯೇಸು ಶಿಲುಬೆಯ ಮೇಲೆ ಉಚ್ಚರಿಸಿದನೆಂದು ಸುವಾರ್ತೆಗಳು ಹೇಳುತ್ತವೆ. ಅದರ ಹಿಂದಿನ ರಾತ್ರಿ ಗೆತ್ಸೇಮನೆಯ ತೋಟದಲ್ಲಿ ಆತ ಮಾಡಿದ ಪ್ರಾರ್ಥನೆಗೆ ಎರಡು ಭಾಗಗಳಿವೆ. ಸಾಧ್ಯವಾದರೆ ಈ ಕಷ್ಟವನ್ನು ದೂರ ಮಾಡು ಎಂಬ ಬೇಡಿಕೆ ಮೊದಲು. ಆದರೂ ನಿನ್ನ ಇಷ್ಟದಂತಾಗಲಿ ಎಂಬ ಸಮರ್ಪಣೆ ನಂತರ. ಮೊದಲ ಭಾಗವನ್ನು ನುಂಗಿಕೊಂಡು ಎರಡನೆಯದನ್ನು ಮಾತ್ರ ಹೇಳಬೇಕೆಂದು ದುಃಖದಲ್ಲಿರುವವರಿಗೆ ಉಪದೇಶಿಸುವವರು ಆ ಪ್ರಾರ್ಥನೆಯನ್ನು ಅರ್ಧಕ್ಕೆ ಕತ್ತರಿಸಿದಂತೆ.

ಕೈಕಟ್ಟಿ ಕೂರುವುದಲ್ಲ

ದೇವರ ಚಿತ್ತವನ್ನು ಒಪ್ಪುವುದೆಂದರೆ ಸುಮ್ಮನೆ ಕೂರುವುದೇ? ಕೇರಿ ಬೆಳೆದ ಪರಿಸರದಲ್ಲಿ ಹಾಗೆಂದು ತಿಳಿದವರಿದ್ದರು. ಜನರನ್ನು ಉದ್ಧರಿಸುವುದು ದೇವರ ನಿರ್ಧಾರಕ್ಕೆ ಬಿಟ್ಟದ್ದು, ಮನುಷ್ಯರು ದೂರದೇಶಗಳಿಗೆ ಓಡಾಡಿ ಮಾಡುವುದೇನಿದೆ ಎಂಬುದು ಅವರ ತರ್ಕ. ಕೇರಿ ಈ ವಿಷಯ ಎತ್ತಿದಾಗ ಹಿರಿಯ ಪಾದ್ರಿಯೊಬ್ಬರು ಗದರಿಸಿ ಕೂರಿಸಿದರೆಂಬ ಕತೆ ಪ್ರಚಲಿತವಿದೆ. ಅದು ನಿಜವಲ್ಲವೆಂದು ವಾದಿಸಿದವರೂ ಇದ್ದಾರೆ. ಕತೆ ಏನೇ ಇರಲಿ, ಆ ಬಗೆಯ ನಿಲುವು ಇದ್ದದ್ದಂತೂ ಹೌದು.

ನಾರ್ಥಾಂಪ್ಟನ್‌ಷೈರ್‌ನ ಹಳ್ಳಿಯೊಂದರಲ್ಲಿ 1761ರಲ್ಲಿ ಹುಟ್ಟಿ, ಚಮ್ಮಾರಿಕೆಯ ಕಸುಬು ಕಲಿತು, ಬೂಟು ಹೊಲಿಯುತ್ತಲೇ ಭಾಷೆಗಳನ್ನು ಕಲಿತ ಕೇರಿ ಇದಕ್ಕೆ ಉತ್ತರವಾಗಿ 1792ರಲ್ಲಿ ಕಿರುಹೊತ್ತಗೆಯೊಂದನ್ನು ಪ್ರಕಟಿಸಿದರು. ಅದರ ಉದ್ದನೆಯ ಶೀರ್ಷಿಕೆಯಲ್ಲೇ ‘ಸಾಧನ’ಗಳನ್ನು ಬಳಸುವುದು ಕ್ರೈಸ್ತರ ಹೊಣೆ ಎಂಬ ಮಾತಿತ್ತು. ದೇವರ ಸಂಕಲ್ಪ ನೆರವೇರುವುದು ಮನುಷ್ಯರ ಕೈಗಳ ಮೂಲಕ ಎಂಬುದು ಅವರ ವಾದ. ಅದೇ ವರ್ಷ ಬ್ಯಾಪ್ಟಿಸ್ಟ್ ಮಿಷನರಿ ಸಂಘ ಹುಟ್ಟಿತು. ಮರುವರ್ಷ ಕೇರಿ ಬಂಗಾಳಕ್ಕೆ ಬಂದರು. ಮೊದಲ ಬಂಗಾಳಿ ವ್ಯಕ್ತಿಗೆ ದೀಕ್ಷಾಸ್ನಾನ ಕೊಡಲು ಅವರು 1800ರ ಡಿಸೆಂಬರ್‌ವರೆಗೆ, ಅಂದರೆ ಏಳು ವರ್ಷ ಕಾಯಬೇಕಾಯಿತು.

ಬೆಂಕಿಯ ನಂತರವೂ ಇದೇ ಸ್ವಭಾವ ಕೆಲಸ ಮಾಡಿತು. ಬೂದಿ ಕೆದಕಿದಾಗ ಅಕ್ಷರ ಕೆತ್ತಿದ ಉಕ್ಕಿನ ಪಂಚ್‌ಗಳೂ, ಮೊಳೆ ಎರಕ ಹೊಯ್ಯಲು ಬೇಕಾದ ಮ್ಯಾಟ್ರಿಕ್ಸ್‌ಗಳೂ ಹಾಳಾಗದೆ ಸಿಕ್ಕವು. ಈ ಅಚ್ಚುಗಳ ಹಿಂದೆ ಪಂಚಾನನ ಕರ್ಮಕಾರ ಮತ್ತು ಆತನ ಅಳಿಯ ಮನೋಹರ ಎಂಬ ಬಂಗಾಳಿ ಕುಶಲಕರ್ಮಿಗಳ ವರ್ಷಗಳ ಶ್ರಮವಿತ್ತು. ಅವು ಉಳಿಯದಿದ್ದರೆ ಎಲ್ಲವನ್ನೂ ಮೊದಲಿನಿಂದ ಕೆತ್ತಬೇಕಾಗುತ್ತಿತ್ತು. ಬೇರೆ ಕೋಣೆಯಲ್ಲಿದ್ದ ಐದು ಮುದ್ರಣಯಂತ್ರಗಳೂ ಪಾರಾಗಿದ್ದವು. ಕರಗಿದ ಸೀಸವನ್ನು ಆರಿಸಿ ತೆಗೆದು ಮತ್ತೆ ಎರಕ ಹೊಯ್ಯುವ ಕೆಲಸ ಕೂಡಲೇ ಆರಂಭವಾಯಿತು. ಕೆಲವೇ ದಿನಗಳ ಹಿಂದೆ ಬಾಡಿಗೆದಾರರು ತೆರವು ಮಾಡಿದ್ದ ಉಗ್ರಾಣವೇ ಹೊಸ ಅಚ್ಚುಕೂಟವಾಯಿತು. ಒಮ್ಮೆ ನಡೆದ ದಾರಿಯಲ್ಲಿ ಎರಡನೆಯ ಸಲ ನಡೆಯುವುದು ಸುಲಭ, ಹೆಜ್ಜೆಯೂ ಗಟ್ಟಿಯಾಗಿರುತ್ತದೆ ಎಂಬರ್ಥದಲ್ಲಿ ಕೇರಿ ಇಂಗ್ಲೆಂಡಿನ ಗೆಳೆಯ ಆಂಡ್ರ್ಯೂ ಫುಲ್ಲರ್ ಅವರಿಗೆ ಬರೆದರು. ಅಂದರೆ ಅಂದು ದೇವಾಲಯದಲ್ಲಿ ತಲೆಬಾಗಿದ ಮನುಷ್ಯ ಮರುದಿನ ಮೇಜಿನ ಮುಂದೆ ಕುಳಿತು ಮೊದಲ ಪುಟದಿಂದ ಬರೆಯಲು ತೊಡಗಿದರು. ಎರಡರಲ್ಲೂ ಅವರಿಗೆ ವಿರೋಧ ಕಾಣಲಿಲ್ಲ.

ಲಾಭದ ಲೆಕ್ಕ

ಬೆಂಕಿಯ ಸುದ್ದಿ ಆ ವರ್ಷದ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿಗೆ ತಲಪಿತು. ಪಂಥಭೇದವಿಲ್ಲದೆ ಜನ ಹಣ ಕೊಟ್ಟರು. ಸುಮಾರು ಎರಡು ತಿಂಗಳೊಳಗೆ ನಷ್ಟದಷ್ಟೂ ಹಣ ಕೂಡಿಬಂತು. ಅದುವರೆಗೆ ಕೆಲವರಿಗೆ ಮಾತ್ರ ಗೊತ್ತಿದ್ದ ಸೆರಾಂಪುರ ಮನೆಮಾತಾಯಿತು. ಹೀಗಾಗಿ, ಪ್ರಸಿದ್ಧಿ ತರಲೆಂದೇ ದೇವರು ಬೆಂಕಿ ಕಳಿಸಿದನೆಂದು ಹೇಳುವ ಆಸೆ ಹಲವರಿಗೆ ಹುಟ್ಟಿತು. ಇಂದಿಗೂ ಈ ಘಟನೆಯನ್ನು ಹಾಗೆ ಹೇಳುವ ಪುಸ್ತಕಗಳಿವೆ.

ಆದರೆ ಲೆಕ್ಕವನ್ನು ಪೂರ್ತಿ ಹಾಕಿದರೆ ಅದು ಇಷ್ಟು ಸರಳವಾಗಿ ಕೂಡುವುದಿಲ್ಲ. ಬಹುಭಾಷಾ ನಿಘಂಟನ್ನು ಕೇರಿ ಮತ್ತೆ ಬರೆಯಲಿಲ್ಲ. ಅವರ ಭಾಷಾ ಪಾಂಡಿತ್ಯದ ಶಿಖರವಾಗಬಹುದಾಗಿದ್ದ ಕೃತಿ ಲೋಕಕ್ಕೆ ಸಿಗಲೇ ಇಲ್ಲ. ಕನ್ನಡ ಹೊಸ ಒಡಂಬಡಿಕೆಯನ್ನು ಮತ್ತೆ ಅನುವಾದಿಸಿ ಹೊರತರುವಷ್ಟರಲ್ಲಿ 1820ರ ದಶಕ ಬಂದಿತ್ತು. ಅಷ್ಟರಲ್ಲಿ, 1810ರಲ್ಲಿ ಬಳ್ಳಾರಿಗೆ ಬಂದಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡಿಗರ ನಡುವೆಯೇ ಇದ್ದು ಬೈಬಲ್ ಅನುವಾದದಲ್ಲಿ ಬಹಳ ಮುಂದೆ ಸಾಗಿದ್ದರು. ಬಂದ ಪ್ರಸಿದ್ಧಿಯ ಬಗ್ಗೆಯೂ ಫುಲ್ಲರ್ ಅವರಿಗೆ ಅಳುಕಿತ್ತು. ಹೊಗಳಿಕೆಯೇ ನಿಮಗೆ ಬೆಂಕಿಗಿಂತ ಅಪಾಯಕಾರಿಯಾದೀತೆಂಬ ಧಾಟಿಯಲ್ಲಿ ಅವರು ಸೆರಾಂಪುರದವರನ್ನು ಎಚ್ಚರಿಸಿದರು.

ಕೊನೆಗೆ ಲಾಭವಾಯಿತು, ಆದ್ದರಿಂದ ಒಳ್ಳೆಯದೇ ಆಯಿತು ಎನ್ನುವುದು ವ್ಯಾಪಾರದ ತರ್ಕ. ಲಾಭ ಬರದಿದ್ದವರ ಗತಿ ಏನು? ಕೇರಿ ಚಿತ್ತವನ್ನು ಒಪ್ಪಿ ಬೋಧಿಸಿದ್ದು ಒಂದು ರೂಪಾಯಿಯೂ ಬರುವ ಮೊದಲು, ಬೂದಿ ಬಿಸಿಯಾಗಿರುವಾಗಲೇ. ಅವರ ನಂಬಿಕೆಯನ್ನು ಅಳೆಯುವುದಾದರೆ ಅಲ್ಲಿಯೇ ಅಳೆಯಬೇಕು.

ಡೊರೊತಿಯ ಮೌನ

ಇದೇ ಮನುಷ್ಯನ ಬದುಕಿನಲ್ಲಿ ಇನ್ನೊಂದು ಕತೆಯಿದೆ. ಅದನ್ನು ಬಿಟ್ಟು ಸೆರಾಂಪುರದ ಚರಿತ್ರೆ ಬರೆಯುವುದು ನ್ಯಾಯವಲ್ಲ. ಕೇರಿಯವರ ಹೆಂಡತಿ ಡೊರೊತಿಗೆ ಓದುಬರಹ ಗೊತ್ತಿರಲಿಲ್ಲ. 1781ರಲ್ಲಿ ಮದುವೆಯ ದಾಖಲೆಗೆ ಸಹಿಯ ಬದಲು ಗುರುತು ಹಾಕಿದ್ದರು. ಇಂಗ್ಲೆಂಡಿನಲ್ಲೇ ಎರಡು ಹೆಣ್ಣುಮಕ್ಕಳನ್ನು ಕಳೆದುಕೊಂಡಿದ್ದರು. ಭಾರತಕ್ಕೆ ಬರಲು ಅವರಿಗೆ ಇಷ್ಟವಿರಲಿಲ್ಲ. ತುಂಬು ಗರ್ಭಿಣಿಯಾಗಿದ್ದ ಅವರನ್ನು ಬಿಟ್ಟು, ಹಿರಿಯ ಮಗನನ್ನಷ್ಟೇ ಕರೆದುಕೊಂಡು ಕೇರಿ ಹೊರಟಿದ್ದರು. ಹಡಗು ತಪ್ಪಿ ಪ್ರಯಾಣ ತಡವಾದಾಗ ಜತೆಗಾರ ಡಾ. ಜಾನ್ ಥಾಮಸ್ ಒತ್ತಾಯಿಸಿ ಮನವೊಲಿಸಿದರು. ತಂಗಿ ಬರುವುದಾದರೆ ಬರುತ್ತೇನೆ ಎಂಬ ಷರತ್ತಿನ ಮೇಲೆ, ಕೆಲವು ವಾರಗಳ ಹಸುಗೂಸನ್ನು ಎತ್ತಿಕೊಂಡು, 1793ರ ಜೂನ್‌ನಲ್ಲಿ ಅವರು ಹಡಗು ಹತ್ತಿದರು.

ಬಂಗಾಳದಲ್ಲಿ ಬಡತನ, ಆಮಶಂಕೆ, ಮತ್ತೆ ಮತ್ತೆ ಊರು ಬದಲಾವಣೆ. 1794ರಲ್ಲಿ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಜಾತಿ ಮೈಲಿಗೆಯ ಭಯದಿಂದ ಗುಂಡಿ ತೋಡಲು, ಶವ ಹೊರಲು ಜನ ಸಿಗುವುದೇ ಕಷ್ಟವಾಯಿತು. ನಂತರ ಡೊರೊತಿಯ ಮನಸ್ಸು ಕದಡಿತು. ಗಂಡನ ಮೇಲೆ ಆಧಾರವಿಲ್ಲದ ಸಂಶಯಗಳು ಬೆಳೆದವು. ಸುಮಾರು 12 ವರ್ಷ ಆ ಸ್ಥಿತಿಯಲ್ಲೇ ಇದ್ದು 1807ರ ಡಿಸೆಂಬರ್‌ನಲ್ಲಿ ಅವರು ನಿಧನರಾದರು. ಬಂಗಾಳಿ ಬೈಬಲಿನ ಅನುವಾದ ಪಕ್ಕದ ಕೋಣೆಯಲ್ಲಿ ಮುಂದುವರಿದಿತ್ತು.

ಬಹಳ ಕಾಲ ಕೇರಿಯವರ ಜೀವನಚರಿತ್ರೆಗಳಲ್ಲಿ ಡೊರೊತಿ ಒಬ್ಬ ಮಹಾಪುರುಷನ ದಾರಿಗೆ ಅಡ್ಡಬಂದ ಹೆಂಡತಿಯಷ್ಟೇ. 1992ರಲ್ಲಿ ಜೇಮ್ಸ್ ಬೆಕ್ ಅವರು ಆಕೆಯದೇ ಜೀವನಚರಿತ್ರೆ ಬರೆದ ಮೇಲೆ ನೋಟ ಬದಲಾಗತೊಡಗಿತು. ಭಾರತಕ್ಕೆ ಹೋಗುವುದು ದೇವರ ಕರೆ ಎಂದು ಕೇರಿಗೆ ಅನ್ನಿಸಿತ್ತು. ಡೊರೊತಿಗೆ ಅಂಥ ಕರೆ ಕೇಳಿಸಿತ್ತೆಂಬುದಕ್ಕೆ ಯಾವ ಸುಳಿವೂ ಇಲ್ಲ. ತನ್ನ ನಷ್ಟವನ್ನು ದೇವರ ಚಿತ್ತವೆಂದು ಒಪ್ಪುವುದು ಒಂದು. ತನಗೆ ತಿಳಿದ ಚಿತ್ತದ ಬೆಲೆಯನ್ನು ಇನ್ನೊಬ್ಬರಿಂದ ತೆರಿಸುವುದು ಮತ್ತೊಂದು. ನಂಬಿಕಸ್ಥರ ಮನೆಗಳಲ್ಲಿ ಈ ಎರಡರ ನಡುವಿನ ಗೆರೆ ಬಲು ಬೇಗ ಅಳಿಸಿಹೋಗುತ್ತದೆ.

ಒಪ್ಪಬಾರದ್ದೂ ಉಂಟು

ಆ ಗೆರೆ ಸ್ಪಷ್ಟವಾಗಿ ಕಾಣುವ ಸಂದರ್ಭವೂ ಕೇರಿಯವರ ಬದುಕಿನಲ್ಲೇ ಇದೆ. 1799ರಲ್ಲಿ ಅವರು ವಿಧವೆಯೊಬ್ಬಳು ಗಂಡನ ಚಿತೆಯೇರಿದ್ದನ್ನು ಕಣ್ಣಾರೆ ಕಂಡರು. ತಡೆಯಲು ಯತ್ನಿಸಿದರೂ ಫಲ ಸಿಗಲಿಲ್ಲ. ದೇವರಿಗೆ ಇಷ್ಟವಾದ ಕಾರ್ಯವಿದು ಎಂದು ನಂಬಿದ್ದ ಜನ ಸುತ್ತಲೂ ಇದ್ದರು. ಅಚ್ಚುಕೂಟ ಸುಟ್ಟಾಗ ತಲೆಬಾಗಿದ ಕೇರಿ ಈ ಬೆಂಕಿಯನ್ನು ಮಾತ್ರ ಯಾವ ದೇವರ ಚಿತ್ತವೆಂದೂ ಒಪ್ಪಲಿಲ್ಲ. ಮೂವತ್ತು ವರ್ಷ ಅದರ ವಿರುದ್ಧ ಅಹವಾಲು ಸಲ್ಲಿಸಿದರು, ಅಂಕಿಅಂಶ ಕೂಡಿಸಿದರು. ರಾಜಾರಾಮ ಮೋಹನರಾಯರು ಬೇರೆ ದಾರಿಯಿಂದ ಇದೇ ಹೋರಾಟ ನಡೆಸಿದ್ದರು. 1829ರ ಡಿಸೆಂಬರ್‌ನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಸತಿ ನಿಷೇಧದ ಆಜ್ಞೆ ಹೊರಡಿಸಿದಾಗ ಅದನ್ನು ಬಂಗಾಳಿಗೆ ಅನುವಾದಿಸುವ ಕೆಲಸ ಕೇರಿಯವರ ಪಾಲಿಗೆ ಬಂತು. ಆಜ್ಞೆ ಕೈಗೆ ಬಂದದ್ದು ಭಾನುವಾರ. ಒಂದು ದಿನ ತಡವಾದರೂ ಜೀವಗಳು ಹೋದಾವೆಂದು, ಅಂದಿನ ಬೋಧನೆಯನ್ನು ಬೇರೆಯವರಿಗೆ ವಹಿಸಿ ಅವರು ಪಂಡಿತರೊಡನೆ ಅನುವಾದಕ್ಕೆ ಕುಳಿತರು.

ಎರಡು ಭಾನುವಾರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಚಿತ್ತವೆಂಬ ಮಾತಿನ ಹದ ತಿಳಿಯುತ್ತದೆ. 1812ರ ಭಾನುವಾರ ಸುಟ್ಟಿದ್ದು ಅವರದೇ ಹಸ್ತಪ್ರತಿ, ಅವರು ಒಪ್ಪಿದರು. 1829ರ ಭಾನುವಾರ ಸುಡಲಿದ್ದುದು ಇನ್ನೊಬ್ಬರ ಜೀವ, ಅವರು ಒಪ್ಪಲಿಲ್ಲ. ಯೋಬನ ಗೆಳೆಯರು ಎಡವಿದ್ದೂ ಇಲ್ಲಿಯೇ. ‘ನನಗೆ ಆದದ್ದು ದೇವರ ಚಿತ್ತ’ ಎಂದು ನೊಂದವನು ಹೇಳಿದರೆ ಅದು ವಿಶ್ವಾಸ. ‘ನಿನಗೆ ಆದದ್ದು ದೇವರ ಚಿತ್ತ’ ಎಂದು ನೋಡುಗ ಹೇಳಿದರೆ ಅದು ಎಷ್ಟೋ ಸಲ ನಿರ್ದಯೆ. ಮಗು ಕಳೆದುಕೊಂಡ ತಾಯಿಯ ಮುಂದೆ, ಕೆಲಸ ಕಳೆದುಕೊಂಡ ಮನೆಯ ಜಗಲಿಯಲ್ಲಿ ಕುಳಿತವರು ಯೋಬನ ಗೆಳೆಯರ ಮೊದಲ ಏಳು ದಿನಗಳನ್ನು ಅನುಸರಿಸುವುದು ಮೇಲು.

ಕನ್ನಡಕ್ಕೆ ಉಳಿದದ್ದು

1817ರಲ್ಲಿ ಸೆರಾಂಪುರದಿಂದ ಕೇರಿಯವರ ಕರ್ನಾಟ ಭಾಷೆಯ ವ್ಯಾಕರಣ ಹೊರಬಂತು. ಕನ್ನಡ ಅಚ್ಚಿನ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಈ ಪುಸ್ತಕದಿಂದಲೇ ಆರಂಭಿಸುತ್ತಾರೆ. ಕನ್ನಡ ನಾಡಿನಿಂದ ಅಷ್ಟು ದೂರದ ಬಂಗಾಳದಲ್ಲಿ ಕುಳಿತು ಪಂಡಿತರ ನೆರವಿನಿಂದ ಬರೆದ ಅದರಲ್ಲಿ ಕೊರತೆಗಳಿರುವುದು ಸಹಜ. ಮುಂದೆ ಬಂದವರು ಅದನ್ನು ಮೀರಿಸಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಕಿಟ್ಟೆಲ್ ನಿಘಂಟು ಇಂದಿಗೂ ಬಳಕೆಯಲ್ಲಿದೆ. ಕೇರಿ ಮತ್ತು ಸಂಗಡಿಗರು 1818ರಲ್ಲಿ ಸ್ಥಾಪಿಸಿದ ಸೆರಾಂಪುರ ಕಾಲೇಜಿನ ಹೆಸರು ಹೊತ್ತ ಸೆನೆಟ್‌ಗೆ ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಸೇರಿದಂತೆ ದೇಶದ ಅನೇಕ ಧರ್ಮಶಾಸ್ತ್ರ ವಿದ್ಯಾಲಯಗಳು ಸೇರಿವೆ.

ಬೆಂಕಿಯಲ್ಲಿ ಹೋದ ಕನ್ನಡ ಹಸ್ತಪ್ರತಿ ಹೇಗಿತ್ತು, ಅದರ ಕನ್ನಡ ಯಾವ ಹದದ್ದಾಗಿತ್ತು ಎಂಬುದು ಇನ್ನು ಯಾರಿಗೂ ತಿಳಿಯುವಂತಿಲ್ಲ. ಅದು ಏಕೆ ಹೋಯಿತು ಎಂಬುದಕ್ಕೂ ಉತ್ತರವಿಲ್ಲ. 1834ರ ಜೂನ್ 9ರಂದು ತೀರಿಕೊಂಡ ಕೇರಿ, ಅದಕ್ಕೆ ಮುಂಚಿನ ವರ್ಷಗಳಲ್ಲಿ 1823ರ ಪ್ರವಾಹಕ್ಕೆ ತಮ್ಮ ಪ್ರೀತಿಯ ತೋಟವನ್ನೂ ಕಳೆದುಕೊಂಡಿದ್ದರು. ಅದಕ್ಕೂ ಅವರು ಕಾರಣ ಹುಡುಕಲಿಲ್ಲ. ಮತ್ತೆ ಗಿಡ ನೆಟ್ಟರು. ಕಾರಣ ತಿಳಿದ ಮೇಲೆ ಒಪ್ಪುವುದಕ್ಕೆ ನಂಬಿಕೆ ಬೇಕಾಗುವುದಿಲ್ಲ, ತಿಳಿವಳಿಕೆ ಸಾಕು. ಕಾರಣ ತಿಳಿಯದಿದ್ದಾಗ ಅಳುವುದು, ಕೇಳುವುದು, ಮರುದಿನ ಎದ್ದು ಕೆಲಸಕ್ಕೆ ಹೊರಡುವುದು, ಈ ಮೂರಕ್ಕೂ ಜಾಗವಿರುವ ನಂಬಿಕೆಯೇ ಕ್ರೈಸ್ತರು ಹೇಳುವ ‘ದೇವರ ಚಿತ್ತ’ದ ತಿರುಳು.